12 ಅಡಿಯೋ, 16 ಅಡಿಯೋ: ಅಲ್ಯೂಮಿನಿಯಂ ದೋಣಿ ಆರಿಸುವಾಗ

ಕೊಳ್ಳಲು ಬಂದವರು ಮೊದಲು ವಿಚಾರಿಸುವುದು ಉದ್ದ. ವಿಚಾರಿಸಬೇಕಾದ್ದು ತಳದ ಅಗಲ. ದೋಣಿ ಪಕ್ಕಕ್ಕೆ ವಾಲದಂತೆ ತಡೆಯುವ ಶಕ್ತಿ ಉದ್ದ ಹೆಚ್ಚಿದಷ್ಟೇ ಹೆಚ್ಚುತ್ತದೆ. ಅಗಲಕ್ಕಾದರೆ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 3 ಅಡಿ ಅಗಲದ ತಳ 4 ಅಡಿಯಾದರೆ ಆ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಎದ್ದು ನಿಂತು ಬಲೆ ಬೀಸುವವರಿಗೆ, ಗಾಳ ಹಾಕುವವರಿಗೆ ಇದು ಕಾಲಡಿಯಲ್ಲೇ ತಿಳಿಯುತ್ತದೆ.

12 ಅಡಿಯ ಚಪ್ಪಟೆ ತಳದ ದೋಣಿಯ ಬರೀ ಒಡಲು ಸಾಮಾನ್ಯವಾಗಿ 50ರಿಂದ 80 ಕಿಲೋ. ಇಬ್ಬರು ಹಿಡಿದು ಎಲ್ಲಿ ಬೇಕಾದರೂ ನೀರಿಗಿಳಿಸಬಹುದು. 5–6 ಹಾರ್ಸ್‌ಪವರ್ ಎಂಜಿನ್ ಸಾಕು, ಅದು ಕೈಕೊಟ್ಟರೆ ಹುಟ್ಟು ಹಾಕಿಯೇ ದಡ ಸೇರಬಹುದು. 16 ಅಡಿಯದ್ದರಲ್ಲಿ ಈ ಸಲೀಸು ಇಲ್ಲ. ಒಡಲೇ 120 ಕಿಲೋ ದಾಟಬಹುದು, ಬೆಸುಗೆ ಹಾಕಿದ ದಪ್ಪ ತಗಡಿನದಾದರೆ ಇನ್ನೂ ಹೆಚ್ಚು. 25–40 ಹಾರ್ಸ್‌ಪವರ್ ಎಂಜಿನ್, ಬ್ಯಾಟರಿ, ಪೆಟ್ರೋಲ್ ಸೇರಿದ ಮೇಲೆ ಟ್ರೇಲರ್ ಇಲ್ಲದೆ ಕದಲದು.

ಗಾಳಿ ಎದ್ದಾಗ ಮಾತ್ರ ಪಾರಮ್ಯ ದೊಡ್ಡದರದೇ. ಅದರ ತಳ ವಿ ಆಕಾರದ್ದಾದರೆ ಅಲೆಯನ್ನು ಸೀಳುತ್ತದೆ, ಎತ್ತರದ ಅಂಚು ನೀರನ್ನು ಹೊರಗೇ ಇಡುತ್ತದೆ. ಚಪ್ಪಟೆ ತಳ ಒಂದಡಿ ಅಲೆಗೇ ಪಟಪಟ ಬಡಿಯುತ್ತದೆ. ಆ ಬಡಿತಕ್ಕೇ ತಗಡುಗಳನ್ನು ಜೋಡಿಸುವ ರಿವೆಟ್‌ಗಳು ಸಡಿಲವಾಗುವುದು. ವಿಶಾಲ ನೀರಿನಲ್ಲಿ ಮೂವರು ಹೋಗುವುದಿದ್ದರೆ 16 ಅಡಿಯದ್ದೇ ಸರಿ. ಒಬ್ಬಿಬ್ಬರು, ಆಳವಿಲ್ಲದ ನೀರು ಎಂದಾದರೆ 12 ಅಡಿ ಸಾಕು, ಆದರೆ ತಳ 4 ಅಡಿ ಅಗಲವಿರಲಿ. ಎಷ್ಟು ಜನ ಎಂಬುದಕ್ಕೆ ಒರಟು ಲೆಕ್ಕವೊಂದಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. 12×4 ಆದರೆ ಮೂವರು, ಅದೂ ನೀರು ಶಾಂತವಾಗಿದ್ದಾಗ. ದೋಣಿಗೆ ಹೊಡೆದ ಫಲಕದಲ್ಲಿ ಇನ್ನೂ ಕಡಿಮೆ ಬರೆದಿದ್ದರೆ ಫಲಕದ ಮಾತೇ ಕೊನೆ.

ಎಂಜಿನ್ ಮೊದಲೇ ಕೊಂಡು ದೋಣಿ ಹುಡುಕುವುದು ತಲೆಕೆಳಗಾದ ಕೆಲಸ. ಎಂಜಿನ್ ಕೂರುವ ಹಿಂಬದಿಯ ಹಲಗೆ 15 ಇಂಚು ಎತ್ತರವಿದ್ದರೆ ಗಿಡ್ಡ ಶಾಫ್ಟ್ (ಎಂಜಿನ್‌ನಿಂದ ಪ್ರೊಪೆಲರ್‌ಗೆ ಇಳಿಯುವ ಕಾಲು), 20 ಇಂಚಾದರೆ ಉದ್ದ ಶಾಫ್ಟ್. ಎತ್ತರದ ಹಲಗೆಗೆ ಗಿಡ್ಡದ್ದನ್ನು ಕೂರಿಸಿದರೆ ಪ್ರೊಪೆಲರ್ ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ. ತಂಪಾಗಿಸುವ ನೀರೂ ಸಿಗದೆ ಎಂಜಿನ್ ಕಾಯಬಹುದು.

ಹಳೆಯದು ಕೊಳ್ಳುವುದಾದರೆ ದೋಣಿಯನ್ನು ಟ್ರೇಲರ್ ಮೇಲಿಟ್ಟು ಒಳಗೆ ನಾಲ್ಕು ಬೆರಳು ನೀರು ಹಾಕಿ, ಹೊರಗೆ ತೊಟ್ಟಿಕ್ಕುವ ರಿವೆಟ್‌ಗೆಲ್ಲ ಗುರುತು ಮಾಡಿ. ತುಂಬಾ ಸುರಿಯಬೇಡಿ, ಆ ಭಾರಕ್ಕೇ ತಳ ಬಾಗೀತು. ಹಿಂಬದಿ ಹಲಗೆಯನ್ನು ತಟ್ಟಿ ನೋಡಿ. ಮಂಕಾದ ಸದ್ದು ಬಂದರೆ ಒಳಗಿನ ಮರ ಕೊಳೆತಿರಬಹುದು. ಸೀಟಿನಡಿಯ ಫೋಮ್ ನೀರು ಕುಡಿದಿದ್ದರೆ ತೂಕ ಹತ್ತಾರು ಕಿಲೋ ಏರಿರುತ್ತದೆ. ಉಪ್ಪುನೀರಿನಲ್ಲಿ ಓಡಿಸುವವರು ಸತುವಿನ ಆನೋಡ್ (ದೋಣಿಯ ಬದಲು ತಾನು ಸವೆಯುವ ಲೋಹದ ತುಂಡು) ಹಾಕಿಸಲೇಬೇಕು. ತಾಮ್ರ ಬೆರೆತ ಬಣ್ಣವನ್ನು ತಳಕ್ಕೆ ಬಳಿಯಲೇಬಾರದು. ಟ್ರೇಲರ್‌ನ ಮರದ ಪಟ್ಟಿಗಳಿಗೂ ತಾಮ್ರದ ರಾಸಾಯನಿಕ ಲೇಪಿಸಿರಬಾರದು: ಒದ್ದೆ ಮರಕ್ಕೆ ಅಂಟಿಕೊಂಡು ನಿಂತ ಕಡೆಯಲ್ಲೇ ತಗಡು ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ.