ಎಡಿಎಚ್‌ಡಿ ಮಗುವಿಗೆ ಹೆಸರಿಲ್ಲದ ಪುಡಿ ಕೊಡುವ ಮುಂಚೆ ಇದನ್ನು ಓದಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಎಡಿಎಚ್‌ಡಿ (ಗಮನ ನಿಲ್ಲದ, ಇಲ್ಲವೇ ಅತಿಯಾಗಿ ಚಡಪಡಿಸುವ ತೊಂದರೆ) ಇರುವ ಮಕ್ಕಳ ತಂದೆ ತಾಯಿ ಯಾರೇ ಇರಲಿ, ದಯವಿಟ್ಟು ಇದನ್ನು ಪೂರ್ತಿ ಓದಿ. "ಗುಳಿಗೆ ಇಲ್ಲದೆ ಪೂರ್ತಿ ಗುಣ" ಅಂತ ಬೋರ್ಡ್ ಹಾಕಿಕೊಂಡ ಒಂದು ಕೇಂದ್ರಕ್ಕೆ ನಾವು ಮಗನನ್ನು ಕರೆದುಕೊಂಡು ಹೋಗಿದ್ದೆವು. ದೂರು ಕೊಟ್ಟಿದ್ದೇವೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾಗಿಯೂ ಜಾಸ್ತಿ ಉಪಯೋಗವಿಲ್ಲ, ನಾಳೆ ಬೇರೆ ಬೋರ್ಡ್ ಹಾಕುತ್ತಾರೆ. ಅವರು ಹೇಗೆ ಮಾತಾಡುತ್ತಾರೆ, ಕೈಗೆ ಏನು ಕೊಡುತ್ತಾರೆ ಅನ್ನೋದು ಗೊತ್ತಿರಬೇಕು.

ಮಗನಿಗೆ ಆಗ ಎಂಟು ವರ್ಷ. ಧಾರವಾಡದಲ್ಲಿ ಮಕ್ಕಳ ಮನೋವೈದ್ಯರಿಗೆ ತೋರಿಸಿದ್ದೆವು. ಅವರು ಯಾವ ಮಶೀನನ್ನೂ ಹಚ್ಚಲಿಲ್ಲ. ನಮ್ಮನ್ನು ಕೂರಿಸಿಕೊಂಡು ಬಹಳ ಹೊತ್ತು ಕೇಳಿದರು, ಶಾಲೆಯ ಟೀಚರ್ ತುಂಬಿಕೊಡಲಿ ಅಂತ ಒಂದು ಫಾರ್ಮ್ ಕೊಟ್ಟರು. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು. ಎಡಿಎಚ್‌ಡಿ ಗೊತ್ತಾಗುವುದೇ ಹಾಗೆ. ಮೀಥೈಲ್‌ಫೆನಿಡೇಟ್ ಅನ್ನೋ ಗುಳಿಗೆ ಬರೆದರು. ಮಕ್ಕಳನ್ನು ಹೇಗೆ ನಿಭಾಯಿಸಬೇಕು ಅಂತ ನಮಗೂ ಕಲಿಸಲು ಶುರು ಮಾಡಿದರು.

ಗುಳಿಗೆ ಹಿಡಿಸಿತ್ತು. ಆದರೆ ಹಸಿವು ಕಮ್ಮಿಯಾಯಿತು. ಮಧ್ಯಾಹ್ನದ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಹಾಕಿದ್ದು ಹಾಗೇ ವಾಪಸ್ ಬರುತ್ತಿತ್ತು. ಅತ್ತೆಗೆ ಅದೇ ಕೊರಗು. ಇನ್ನೊಂದು ತೊಂದರೆ, ಆ ಗುಳಿಗೆ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ದುರುಪಯೋಗ ಆಗಬಾರದು ಅಂತ ಇರುವ ನಿಯಮ ಅದು. ಊರವರ ಬಾಯಲ್ಲಿ ಮಾತ್ರ ಅದು "ನಶೆ ಗುಳಿಗೆ" ಆಗಿಬಿಟ್ಟಿತು.

ಕೇಂದ್ರದವರು ಮಾತು ಶುರು ಮಾಡಿದ್ದೇ ಇಲ್ಲಿಂದ. "ಅಕ್ಕಾರ, ಚೀಟಿ ಎರಡು ಬರಸ್ಕೊಂತಾರಂದ್ರ ಅದು ಎಂಥಾ ವಿಷ ಇರಬೇಕು, ನೀವ ಯೋಚನೆ ಮಾಡ್ರಿ. ಇವತ್ತಿಂದನ ಬಂದ್ ಮಾಡ್ರಿ." ಮಗನ ಹಳೆಯ ಕಾಗದ ತೆಗೆದು ನೋಡಲಿಲ್ಲ. ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಲಿಲ್ಲ. ನಿಮ್ಮ ಮಗುವಿನ ಗುಳಿಗೆಯನ್ನು ಯಾರಾದರೂ ಹೀಗೆ ನಿಲ್ಲಿಸು ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಹಸಿವಿನ ತೊಂದರೆಗೆ ದಾರಿ ಇತ್ತು. ಡೋಸ್ ಕಮ್ಮಿ ಮಾಡಬಹುದು, ಗುಳಿಗೆಗೆ ಮುಂಚೆ ಹೊಟ್ಟೆತುಂಬ ನಾಷ್ಟಾ ಕೊಡಬಹುದು, ಅಟೊಮೊಕ್ಸೆಟಿನ್‌ನಂಥ ಬೇರೆ ಔಷಧಿ ನೋಡಬಹುದು. ಇದನ್ನು ಹೇಳಬೇಕಾದವರು ಆ ಡಾಕ್ಟರ್.

ಆಮೇಲೆ "ಬ್ರೇನ್ ಮ್ಯಾಪಿಂಗ್" ಅಂದರು. ತಂತಿ ಹಚ್ಚಿದ ಟೋಪಿಯೊಂದನ್ನು ಮಗನ ತಲೆಗೆ ಹಾಕಿ, ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಚಿತ್ರ ತೋರಿಸಿ, ದಪ್ಪ ಕಾಗದದ ಮೇಲೆ ಪ್ರಿಂಟ್ ಕೊಟ್ಟರು. ಎಡ ಮೆದುಳು ಇಷ್ಟು, ಬಲ ಮೆದುಳು ಅಷ್ಟು, ವಿಷದ ಪ್ರಮಾಣ ಇಷ್ಟು ಅಂತ ಅಂಕಿಗಳು. ಹೊರಗಿನ ಬೆಂಚಿನ ಮೇಲೆ ಇಳಕಲ್ಲಿನಿಂದ ಬಂದ ಒಬ್ಬ ತಾಯಿ ಕೂತಿದ್ದರು. ಅವರ ಮಗಳು ಓಡಾಡುವ ಮಗುವೇ ಅಲ್ಲ, ಸುಮ್ನೆ ಕಿಟಕಿ ನೋಡುತ್ತಾ ಕೂರುವ ಹುಡುಗಿ. ಇಬ್ಬರೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದೆವು. ಮಕ್ಕಳ ಹೆಸರು ಬೇರೆ. ಅಂಕಿಗಳು, ಬಣ್ಣಗಳು, ಕೆಳಗಿನ ಸಲಹೆ ಎಲ್ಲ ಒಂದೇ. ಒಳಗೆ ಹೋಗಿ ಕೇಳಿದರೆ, "ಈ ವಯಸ್ಸಿನ ಹುಡುಗ್ರದು ಹಂಗ ಬರ್ತಾವ್ರಿ" ಅಂದರು.

ಆ ರಿಪೋರ್ಟಿನ ಪ್ರಕಾರ ಮಗನ ಮೈಯಲ್ಲಿ ಭಾರ ಲೋಹ (ಸೀಸ, ಪಾದರಸದಂಥವು) ತುಂಬಿದೆ, ಪುಡಿ ಕೊಟ್ಟು ಅದನ್ನು ಹೊರಗೆ ತೆಗೆಯಬೇಕು. ಒಂದು ಹನಿ ರಕ್ತವನ್ನೂ ಪರೀಕ್ಷೆ ಮಾಡಿರಲಿಲ್ಲ. ಪುಡಿ ಸಣ್ಣ ಜಿಪ್ ಕವರಿನಲ್ಲಿತ್ತು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೆ "ಬೆ", ಇನ್ನೊಂದಕ್ಕೆ "ಸಂ" ಅಂತ ಬರೆದಿತ್ತು. ಬೆಳಿಗ್ಗೆಯದು, ಸಂಜೆಯದು, ಅಷ್ಟೇ. ಯಾರು ಮಾಡಿದ್ದು, ಒಳಗೆ ಏನಿದೆ, ಯಾವಾಗ ತಯಾರಾಯಿತು, ಒಂದಕ್ಷರ ಇಲ್ಲ. ಸಂಜೆಯ ಪುಡಿ ಇಟ್ಟಿಗೆ ಬಣ್ಣದ್ದು. ಹಾಲಿಗೆ ಹಾಕಿ ಎಷ್ಟು ಕಲಕಿದರೂ ಕರಗದೆ ತಳಕ್ಕೆ ಕೂರುತ್ತಿತ್ತು. ಏನಿದು ಅಂತ ಕೇಳಿದಾಗ ಬಂದ ಉತ್ತರ "ಗುರುಗಳ ಪರಂಪರೆದ್ದು ರೀ, ಹೇಳೂಹಂಗಿಲ್ಲ."

ಜೊತೆಗೆ ಪಥ್ಯ. ಗೋಧಿ ಬೇಡ, ಸಕ್ಕರೆ ಬೇಡ, ಬೆಲ್ಲವೂ ಬೇಡ. ಬನಶಂಕರಿ ಜಾತ್ರೆಯಲ್ಲಿ ಓರಗೆಯ ಮಕ್ಕಳೆಲ್ಲ ಮಿಠಾಯಿ, ಕರದಂಟು ತಿನ್ನುವಾಗ ಇವನು ನನ್ನ ಸೆರಗು ಹಿಡಿದು ನಿಂತಿದ್ದ. ಸಕ್ಕರೆಯಿಂದ ಮಕ್ಕಳ ಚಂಚಲತೆ ಹೆಚ್ಚುತ್ತದಾ ಅಂತ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು 1995ರಲ್ಲೇ ನೋಡಿದ್ದಾರೆ, ಹಾಗೆ ಆಗುವುದು ಕಂಡುಬಂದಿಲ್ಲ. ಮಗುವಿನ ಬಾಯಿಂದ ಕಸಿದುಕೊಂಡದ್ದಕ್ಕೆ ಒಂದು ಆಧಾರವಾದರೂ ಬೇಕಿತ್ತಲ್ವಾ?

ಗುಳಿಗೆ ನಿಂತ ಮೇಲೆ ಶಾಲೆಯಿಂದ ಫೋನ್ ಬರತೊಡಗಿತು. ಒಮ್ಮೆ ಗೇಟು ದಾಟಿ ರಸ್ತೆಗೆ ಓಡಿದ್ದಾನೆ, ಆಟೋದವರು ಬ್ರೇಕ್ ಹಾಕಿ ಉಳಿಸಿದ್ದಾರೆ. ಮನೆಯಲ್ಲಿ ಹೊಟ್ಟೆನೋವು, ಮಲಬದ್ಧತೆ, ಮುಟ್ಟಿದರೆ ಸಿಟ್ಟು. ಕೇಂದ್ರದವರಿಗೆ ಹೇಳಿದರೆ, "ವಿಷ ಹೊರಗ ಬೀಳೂಮುಂದ ಹಂಗ ಆಗತೈತ್ರಿ, ಡೋಸ್ ಜಾಸ್ತಿ ಮಾಡೂಣು." ಈ ಮಾತು ನೆನಪಿಟ್ಟುಕೊಳ್ಳಿ. ಮಗು ಚೇತರಿಸಿಕೊಂಡರೆ ಪುಡಿಯ ಮಹಿಮೆ, ಹದಗೆಟ್ಟರೆ ವಿಷ ಹೊರಬರುತ್ತಿದೆ. ಯಾವ ಕಡೆಯಿಂದಲೂ ಅವರನ್ನು ಹಿಡಿಯಲು ಆಗಬಾರದು, ಹಾಗೆ ಕಟ್ಟಿದ ಮಾತು ಅದು.

ಹೊಟ್ಟೆನೋವಿಗೆ ತೋರಿಸಿದ ಮಕ್ಕಳ ಡಾಕ್ಟರ್ ಮೊದಲು ಕೇಳಿದ್ದೇ "ಮನೆಯಲ್ಲಿ ಏನಾದರೂ ಪುಡಿ, ಭಸ್ಮ ಕೊಡುತ್ತೀರಾ?" ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆಗೆ ಕಳಿಸಿದರು. ಬಹಳ ಜಾಸ್ತಿ ಬಂತು. ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಇದ್ದರೇ ಅದು ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಬೇಕು. ಸೀಸ ಮಕ್ಕಳ ಮೆದುಳಿಗೇ ಹೊಡೆತ ಕೊಡುತ್ತದೆ, ಗಮನ ಹಿಡಿದಿಡುವ ಶಕ್ತಿಯನ್ನೇ ತಿನ್ನುತ್ತದೆ. ಯಾವ ತೊಂದರೆಗೆ ಅಂತ ಹೋದೆವೋ ಅದನ್ನೇ ಹೆಚ್ಚು ಮಾಡುವ ವಸ್ತುವನ್ನು ಭಾರ ಲೋಹ ತೆಗೆಯುತ್ತೇವೆ ಅನ್ನುವವರು ನಮ್ಮ ಮಗನಿಗೆ ಕುಡಿಸಿದರು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಸೀಸ ತೆಗೆಯುವ ಔಷಧಿಯನ್ನು ಸಾಮಾನ್ಯವಾಗಿ 45 ಮೈಕ್ರೋಗ್ರಾಂ ದಾಟಿದರೆ ಕೊಡುತ್ತಾರಂತೆ. ನಮ್ಮವನದು ಅದಕ್ಕಿಂತ ಕೆಳಗಿತ್ತು. ಪುಡಿ ನಿಲ್ಲಿಸಿ, ಕಬ್ಬಿಣಾಂಶ ಸರಿ ಮಾಡಿ, ಮತ್ತೆ ಮತ್ತೆ ರಕ್ತ ನೋಡಿದರು. ಮಟ್ಟ ಇಳಿಯುತ್ತಿದೆ. ಧಾರವಾಡದ ಡಾಕ್ಟರ್ ಕಮ್ಮಿ ಡೋಸಿನಿಂದ ಗುಳಿಗೆ ಮತ್ತೆ ಶುರು ಮಾಡಿದ್ದಾರೆ, ಪ್ರತಿ ಸಲ ತೂಕ, ಎತ್ತರ, ಬಿಪಿ ನೋಡುತ್ತಾರೆ.

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಯೋಗ, ಈಜು, ಆಟ ಇವೂ ಇರಲಿ, ಮಗ ಈಗಲೂ ಸಂಜೆ ಕರಾಟೆಗೆ ಹೋಗುತ್ತಾನೆ. ಆದರೆ ಲೈಸೆನ್ಸ್ ಇರುವ ಆಯುರ್ವೇದ ಔಷಧಿಯ ಡಬ್ಬಿ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಪದಾರ್ಥ ಬರೆದಿರಲೇಬೇಕು, ಅದು ಕಾನೂನು. ಲೇಬಲ್ ಇದ್ದರೂ ಭಸ್ಮ, ಸಿಂಧೂರ (ಲೋಹ, ಖನಿಜ ಸುಟ್ಟು ಮಾಡುವ ಪುಡಿಗಳು) ಅಂತ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸದೆ ಕೊಡಬೇಡಿ. 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಲಿನ ಅಂಗಡಿಗಳಿಂದ ಇಂಥ 70 ಔಷಧಿ ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಚಿಕಿತ್ಸೆ ಕೊಡುವ ಯಾವ ಖಾಸಗಿ ಜಾಗಕ್ಕೂ ಕರ್ನಾಟಕದಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು. ಆ ಪ್ರಮಾಣಪತ್ರ ಗೋಡೆ ಮೇಲೆ ಇದೆಯಾ ನೋಡಿ. ನಾವು ಹೋದ ಕಡೆ ಗೋಡೆ ತುಂಬ ಸನ್ಮಾನದ ಫೋಟೋಗಳಿದ್ದವು, ಅದೊಂದು ಇರಲಿಲ್ಲ.

ದುಡ್ಡಿನ ವಿಷಯ. ಪ್ಯಾಕೇಜ್ ಹಣ ಪೂರ್ತಿ ಮುಂಗಡ ತೆಗೆದುಕೊಂಡು, ರಸೀದಿಯಲ್ಲಿ "ಯೋಗ ಶಿಬಿರದ ದೇಣಿಗೆ" ಅಂತ ಬರೆದಿದ್ದರು. ಚಿಕಿತ್ಸೆ ಅನ್ನೋ ಪದವೇ ಇರಲಿಲ್ಲ. ದೂರು ಕೊಡಲು ಹೋದಾಗಲೇ ಇದರ ಅರ್ಥ ಗೊತ್ತಾಗಿದ್ದು. ನಮ್ಮ ಕೈ ಹಿಡಿದದ್ದು ವಾಟ್ಸಾಪ್‌ನಲ್ಲಿ ಅವರೇ ಕಳಿಸಿದ್ದ ಡೋಸಿನ ಮೆಸೇಜುಗಳು.

ನಿಮ್ಮ ಮನೆಯಲ್ಲೂ ಇಂಥ ಪುಡಿ ಇದ್ದರೆ ಇವತ್ತೇ ಕೊಡುವುದನ್ನು ನಿಲ್ಲಿಸಿ, ಆದರೆ ಚೆಲ್ಲಬೇಡಿ. ಕವರ್ ಸಮೇತ ಎತ್ತಿಟ್ಟು, ಮಗುವಿನ ಜೊತೆ ಮಕ್ಕಳ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ, ರಕ್ತದಲ್ಲಿ ಸೀಸ ನೋಡಿ ಅಂತ ನೀವೇ ಕೇಳಿ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಿದ್ದರೆ ಎರಡು ವರ್ಷದೊಳಗೆ ಹೋಗಬೇಕು. ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.