ಮೇಷ್ಟ್ರಾಗಲು ಸಾಲ: ಅಲ್ಲಿನ ಮನ್ನಾ, ಇಲ್ಲಿನ ಕಂತು

ಹೊಸನಗರದಲ್ಲಿ ಕೂತು ‘ಮೇಷ್ಟ್ರಾದರೆ ಸಾಲ ಮನ್ನಾ’ ಅಂತ ನಂಬಿ ಬ್ಯಾಂಕಿಗೆ ಹೋಗಬೇಡಿ. ಅದು ಅಮೆರಿಕದ ಮಾತು. ಅಲ್ಲಿ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಸಾಲ ಪಡೆದವರು ಬಡಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಸತತ 5 ವರ್ಷ ಕಲಿಸಿದರೆ 5,000 ಡಾಲರ್‌ವರೆಗೆ ಮನ್ನಾ. ಪ್ರೌಢಶಾಲೆಯ ಗಣಿತ, ವಿಜ್ಞಾನ ಅಥವಾ ವಿಶೇಷ ಶಿಕ್ಷಣವಾದರೆ 17,500ರವರೆಗೆ. ನಾಲ್ಕೇ ವರ್ಷಕ್ಕೆ ಬಿಟ್ಟರೆ ಸೊನ್ನೆ.

ಇಲ್ಲಿ ಆಗುಂಬೆ ಕಡೆಯ ಶಾಲೆಯಲ್ಲಿ ಐದು ಮಳೆಗಾಲ ಕಳೆದರೂ ಕಂತು ಕಂತೇ. ಬಿ.ಇಡಿ.ಯ 2 ವರ್ಷ, ಮೇಲೆ ಸಾಮಾನ್ಯವಾಗಿ 1 ವರ್ಷ ಕಂತಿಗೆ ಬಿಡುವು ಸಿಗುತ್ತದೆ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಎಡವುವುದು ಇಲ್ಲೇ. ಅಡಿಕೆ ದುಡ್ಡು ಬಂದಾಗಲೆಲ್ಲ ಬಡ್ಡಿಯಷ್ಟಾದರೂ ಕಟ್ಟಿದರೆ ಅಸಲು ಉಬ್ಬುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಶಿಕ್ಷಣ ಸಾಲದ ಬಡ್ಡಿಗೆ (ಅಸಲಿಗಲ್ಲ!) 8 ವರ್ಷದವರೆಗೆ ಆದಾಯ ತೆರಿಗೆ ವಿನಾಯಿತಿ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಸಾಲದ ಗೊಡವೆಯೇ ಬೇಡ.