ಅಡ್ಮಿನ್ ಅಧಿಕಾರವಿಲ್ಲದ ಕಚೇರಿ ಕಂಪ್ಯೂಟರಿನಲ್ಲಿ ರಿಲಯಬಿಲಿಟಿ ಮಾನಿಟರ್: ದೀರ್ಘಕಾಲದ ಬಳಕೆಯ ನಂತರ

ಯಾವ ದಿನ ಯಾವ ತಂತ್ರಾಂಶ ಕುಸಿಯಿತು, ಕಂಪ್ಯೂಟರಿನಲ್ಲಿ ಏನು ಬದಲಾಯಿತು ಎಂಬುದನ್ನು ದಾಖಲಿಸಿ ತೋರಿಸುವ, ವಿಂಡೋಸ್ ಜೊತೆಗೇ ಬರುವ, ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲದ ರಿಲಯಬಿಲಿಟಿ ಮಾನಿಟರ್ ಎಂಬ ಉಪಕರಣವನ್ನು ನಾನು ಹಲವು ವರ್ಷಗಳಿಂದ ಕಚೇರಿಯ ಕಂಪ್ಯೂಟರಿನಲ್ಲಿ ಬಳಸುತ್ತಿದ್ದೇನೆ. ವಿಸ್ಟಾ ಆವೃತ್ತಿಯ ಕಾಲದಿಂದಲೂ ಇರುವ ಈ ಉಪಕರಣ ವಿಂಡೋಸ್ 11ರಲ್ಲಿಯೂ ಹೆಚ್ಚು ಬದಲಾಗದೆ ಉಳಿದುಕೊಂಡಿದೆ. ಆದರೂ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ನನ್ನ ಸಹೋದ್ಯೋಗಿಗಳಲ್ಲಿ ಬಹುತೇಕರಿಗೆ ಇದರ ಹೆಸರೇ ಗೊತ್ತಿರಲಿಲ್ಲ. ನಾನು ಲೆಕ್ಕಪತ್ರ ವಿಭಾಗದವನು, ಐಟಿ ವಿಭಾಗದವನಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ನಮ್ಮಲ್ಲಿರುವುದು ಸಾಮಾನ್ಯ ಬಳಕೆದಾರರ ಖಾತೆ. ಹೊಸ ತಂತ್ರಾಂಶ ಹಾಕುವಂತಿಲ್ಲ, ಪೆನ್‌ಡ್ರೈವ್ ಚುಚ್ಚುವಂತಿಲ್ಲ, ರಿಜಿಸ್ಟ್ರಿ ಮುಟ್ಟುವಂತಿಲ್ಲ. ಐಟಿ ವಿಭಾಗವಿರುವುದು ಬೇರೆ ಊರಿನ ಕೇಂದ್ರ ಕಚೇರಿಯಲ್ಲಿ. ದಿನನಿತ್ಯ ಬಳಸುವ ಲೆಕ್ಕಪತ್ರ ತಂತ್ರಾಂಶ ವೋಚರ್ ನಮೂದಿಸುತ್ತಿರುವಾಗಲೇ ಮಾಯವಾಯಿತೆಂದು ಅವರಿಗೆ ಟಿಕೆಟ್ (ದೂರು) ಹಾಕಿದರೆ, ರೀಸ್ಟಾರ್ಟ್ ಮಾಡಿ ನೋಡಿ ಎಂಬ ಉತ್ತರ ಬರುತ್ತದೆ. ರೀಸ್ಟಾರ್ಟ್ ಆದ ಮೇಲೆ ತಂತ್ರಾಂಶ ತೆರೆದುಕೊಳ್ಳುವುದರಿಂದ ಟಿಕೆಟ್ ಮುಚ್ಚಿಹೋಗುತ್ತದೆ. ಮರುದಿನ ಮತ್ತದೇ ಕಥೆ. ದೂರಿನ ಜೊತೆಗೆ ಸಾಕ್ಷ್ಯವಿಲ್ಲದಿರುವುದೇ ಈ ಸುತ್ತಾಟಕ್ಕೆ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ, ಮತ್ತು ರಿಲಯಬಿಲಿಟಿ ಮಾನಿಟರ್ ಒದಗಿಸುವುದು ನಿಖರವಾಗಿ ಅದನ್ನೇ.

ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಎಂಬ ಆಯ್ಕೆ ಕಾಣಿಸುತ್ತದೆ. ನಮ್ಮ ಕಚೇರಿಯಲ್ಲಿ ಅದು ಅಡ್ಮಿನ್ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತದೆ. ದಿನಕ್ಕೊಂದು ಕಂಬಸಾಲಿನಂತೆ ದಿನಾಂಕಗಳು, ಅವುಗಳ ಮೇಲೆ 1ರಿಂದ 10ರವರೆಗಿನ ಸ್ಥಿರತೆಯ ಗೆರೆ, ಕೆಳಗೆ ಆಯಾ ದಿನದ ಘಟನೆಗಳು. ತಂತ್ರಾಂಶ ಕುಸಿದ ದಿನ ಕೆಂಪು ವೃತ್ತದೊಳಗೆ ಅಡ್ಡಗುರುತು ಬೀಳುತ್ತದೆ. ಆ 1ರಿಂದ 10ರ ಅಂಕಿಯನ್ನು ನಾನು ನೋಡುವುದೇ ಇಲ್ಲ. ಯಾರಿಗೂ ಬೇಡವಾದ ಯಾವುದೋ ಅಪ್‌ಡೇಟರ್ ಹಿನ್ನೆಲೆಯಲ್ಲಿ ಪದೇಪದೇ ಕುಸಿದರೂ ಗೆರೆ ಇಳಿಯುತ್ತದೆ, ಇಡೀ ವಿಭಾಗದ ಕೆಲಸ ನಿಲ್ಲಿಸಿದ ಒಂದೇ ಕ್ರ್ಯಾಶ್‌ಗೂ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯದು.

ನಿಜವಾದ ಬೆಲೆ ಇರುವುದು ದಿನಾಂಕಗಳ ಸಾಲಿನಲ್ಲಿ. ಕ್ರ್ಯಾಶ್‌ಗಳ ಜೊತೆಗೆ ವಿಂಡೋಸ್ ಅಪ್‌ಡೇಟ್, ಡ್ರೈವರ್ (ಪ್ರಿಂಟರ್‌ನಂಥ ಸಾಧನವನ್ನು ನಡೆಸುವ ತಂತ್ರಾಂಶ) ಬದಲಾವಣೆ, ತಂತ್ರಾಂಶಗಳ ಹೊಸ ಆವೃತ್ತಿ ಇವೆಲ್ಲವೂ ಅದೇ ಪಟ್ಟಿಯಲ್ಲಿ ದಾಖಲಾಗುವುದರಿಂದ, ಮೊದಲ ಕೆಂಪು ಗುರುತು ಯಾವ ದಿನ ಬಿತ್ತು, ಅದರ ಹಿಂದಿನ ದಿನ ಕಂಪ್ಯೂಟರಿಗೆ ಏನು ಸೇರಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ‘ಇತ್ತೀಚೆಗೆ ಏನಾದರೂ ಬದಲಾಯಿತೇ?’ ಎಂದು ಐಟಿಯವರು ಕೇಳಿದಾಗ ನಾವು ನೆನಪಿನಿಂದ ಕೊಡುವ ಉತ್ತರಕ್ಕಿಂತ ಇದು ಎಷ್ಟೋ ಮೇಲು. ಸುಮಾರು ಒಂದು ವರ್ಷದವರೆಗಿನ ಇತಿಹಾಸವನ್ನು ಇದು ಉಳಿಸಿಕೊಳ್ಳಬಲ್ಲದು, ಮತ್ತು ಕೆಳಗಿರುವ ‘ಸೇವ್’ ಕೊಂಡಿಯಿಂದ ಇಡೀ ಇತಿಹಾಸವನ್ನು ಒಂದು ಎಕ್ಸ್‌ಎಂಎಲ್ ಕಡತವಾಗಿ ತೆಗೆದು ಟಿಕೆಟ್‌ಗೆ ಲಗತ್ತಿಸಬಹುದು. ಈಗಷ್ಟೇ ನಡೆದ ಕ್ರ್ಯಾಶ್ ಮಾತ್ರ ಪಟ್ಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಏನೂ ದಾಖಲಾಗಿಲ್ಲವೆಂದು ಮುಚ್ಚಿಬಿಡಬಾರದು.

ಒಂದೊಂದು ಘಟನೆಯ ಎದುರಿಗೂ ತಾಂತ್ರಿಕ ವಿವರಗಳ ಕೊಂಡಿಯಿದೆ. ಅಲ್ಲಿ ಕುಸಿದ ತಂತ್ರಾಂಶದ ಹೆಸರು, ಅದರ ಆವೃತ್ತಿ, ಯಾವ ಮಾಡ್ಯೂಲ್‌ನಲ್ಲಿ (ತಂತ್ರಾಂಶ ಬಳಸುವ ಕಡತದಲ್ಲಿ) ಕುಸಿಯಿತು ಎಂಬುದು ಮತ್ತು ದೋಷದ ಬಗೆಯನ್ನು ಹೇಳುವ ಎಕ್ಸೆಪ್ಶನ್ ಕೋಡ್ ಇರುತ್ತವೆ. ಸಿ0000005 ಎಂಬ ಕೋಡ್ ಇದ್ದರೆ ತಂತ್ರಾಂಶ ತನ್ನದಲ್ಲದ ಅಥವಾ ಇಲ್ಲದ ಮೆಮೊರಿ ವಿಳಾಸಕ್ಕೆ ಕೈಹಾಕಿದೆ ಎಂದರ್ಥ. ಸಿ0000374 ಇದ್ದರೆ ತಂತ್ರಾಂಶ ನಡೆಯುತ್ತಿರುವಾಗ ಬೇಕಾದಂತೆ ಪಡೆದು ಬಳಸುವ ಹೀಪ್ ಮೆಮೊರಿಯ ವ್ಯವಸ್ಥೆ ಕೆಟ್ಟಿದೆ. ಇ0434352 ಇದ್ದರೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಎಂಬ ತಂತ್ರಾಂಶ ವೇದಿಕೆಯಲ್ಲಿ ಬರೆದ ತಂತ್ರಾಂಶದೊಳಗೆ ಯಾರೂ ಹಿಡಿಯದೆ ಬಿಟ್ಟ ದೋಷವೊಂದು ಹೊರಬಿದ್ದಿದೆ. ಮಾಡ್ಯೂಲ್‌ನ ಹೆಸರನ್ನು ಓದುವಾಗ ಮಾತ್ರ ಎಚ್ಚರ ಬೇಕು. ವಿಂಡೋಸ್‌ನವೇ ಆದ ಎನ್‌ಟಿಡಿಎಲ್‌ಎಲ್, ಕರ್ನೆಲ್‌ಬೇಸ್ ಎಂಬ ಹೆಸರುಗಳು ಅಲ್ಲಿ ಪದೇಪದೇ ಬರುತ್ತವೆ, ಅವನ್ನು ನೋಡಿ ವಿಂಡೋಸೇ ಕೆಟ್ಟಿದೆ ಎಂದು ತೀರ್ಮಾನಿಸುವವರೂ ಬಹಳ ಮಂದಿ. ಎಲ್ಲ ತಂತ್ರಾಂಶಗಳೂ ಈ ಮಾಡ್ಯೂಲ್‌ಗಳ ಮೂಲಕವೇ ಕೆಲಸ ಮಾಡಿಸಿಕೊಳ್ಳುವುದರಿಂದ, ಬೇರೆಲ್ಲೋ ಆದ ತಪ್ಪು ಹೆಚ್ಚಾಗಿ ಬಯಲಾಗುವುದು ಅಲ್ಲಿ.

ಉಪಕರಣ ತನ್ನ ಖರ್ಚನ್ನು, ಅಂದರೆ ನನ್ನ ಸಮಯವನ್ನು, ಪೂರ್ತಿ ತೀರಿಸಿದ್ದು ಪ್ರಿಂಟರ್‌ನ ಪ್ರಕರಣದಲ್ಲಿ. ಲೆಕ್ಕಪತ್ರ ತಂತ್ರಾಂಶವೂ ವರ್ಡ್ ಪ್ರೊಸೆಸರ್ ಕೂಡ ಒಂದೇ ವಾರದಲ್ಲಿ ಕುಸಿಯತೊಡಗಿದ್ದವು. ಎರಡೂ ಘಟನೆಗಳ ವಿವರದಲ್ಲಿದ್ದ ಮಾಡ್ಯೂಲ್ ಹೆಸರು ಒಂದೇ, ಅದು ಆ ಎರಡು ತಂತ್ರಾಂಶಗಳಿಗೂ ಸೇರಿರಲಿಲ್ಲ. ಹಿಂದಿನ ದಿನವಷ್ಟೇ ಹೊಸ ಆವೃತ್ತಿಗೆ ಬದಲಾದ ಪ್ರಿಂಟರ್ ಡ್ರೈವರ್‌ನದಾಗಿತ್ತು. ಪುಟದ ಅಳತೆ, ಅಂಚು ಇತ್ಯಾದಿ ತಿಳಿಯಲು ತಂತ್ರಾಂಶಗಳು ಮುದ್ರಣದ ಗುಂಡಿ ಒತ್ತುವ ಮೊದಲೇ ಡಿಫಾಲ್ಟ್ ಪ್ರಿಂಟರ್‌ನ ಡ್ರೈವರ್ ಅನ್ನು ತಮ್ಮೊಳಗೆ ಕರೆದುಕೊಳ್ಳುತ್ತವೆ. ಡ್ರೈವರ್ ಕುಸಿದರೆ ಕರೆದವರೂ ಅದರೊಡನೆ ಕುಸಿಯುತ್ತಾರೆ. ಡಿಫಾಲ್ಟ್ ಪ್ರಿಂಟರ್ ಬದಲಿಸಲು ಸಾಮಾನ್ಯವಾಗಿ ಅಡ್ಮಿನ್ ಅಧಿಕಾರ ಬೇಡ. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡಿಫಾಲ್ಟ್ ಮಾಡಿ ಇಡೀ ದಿನ ಕೆಲಸ ಮಾಡಿದೆ, ಒಂದು ಕ್ರ್ಯಾಶ್ ಕೂಡ ಆಗಲಿಲ್ಲ. ಇಷ್ಟನ್ನೂ ಟಿಕೆಟ್‌ನಲ್ಲಿ ಬರೆದ ಮೇಲೆ ಐಟಿಯವರು ಪ್ರಶ್ನೆಯನ್ನೇ ಕೇಳದೆ ಹಳೆಯ ಡ್ರೈವರ್ ಅನ್ನು ಮರಳಿ ಹಾಕಿದರು.

ಆದರೆ ಎಲ್ಲ ತೊಂದರೆಗಳೂ ಇಷ್ಟು ಚೊಕ್ಕವಾಗಿ ಬಗೆಹರಿಯುವುದಿಲ್ಲ. ಬೆಳಿಗ್ಗೆಯಿಂದ ಚೆನ್ನಾಗಿದ್ದು ಸಂಜೆಯ ಹೊತ್ತಿಗೆ ಗುಂಡಿಗಳು ಕಾಣೆಯಾಗಿ, ಪರದೆಯ ಭಾಗಗಳು ಕಪ್ಪಾಗಿ, ಕೊನೆಗೆ ಕುಸಿಯುವ ತಂತ್ರಾಂಶಗಳಿವೆ. ಇವುಗಳ ವಿಷಯದಲ್ಲಿ ರಿಲಯಬಿಲಿಟಿ ಮಾನಿಟರ್ ಕೊಡುವ ಮಾಹಿತಿ ದಿನಕ್ಕೊಂದು ಬಗೆಯದಾಗಿದ್ದು, ದಾರಿ ತಪ್ಪಿಸುವಂತಿರುತ್ತದೆ. ಇಲ್ಲಿ ನೆರವಾಗುವುದು ನಡೆಯುತ್ತಿರುವ ತಂತ್ರಾಂಶಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್. ಅದರ ‘ಡೀಟೇಲ್ಸ್’ ಪುಟದಲ್ಲಿ ಶೀರ್ಷಿಕೆಯ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಜಿಡಿಐ ಆಬ್ಜೆಕ್ಟ್ಸ್’ ಎಂಬ ಕಾಲಂ ಸೇರಿಸಿದರೆ, ಪರದೆಯ ಮೇಲೆ ಬರೆಯಲು ಪ್ರತಿ ತಂತ್ರಾಂಶ ಎಷ್ಟು ವಸ್ತುಗಳನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಕಾಣುತ್ತದೆ. ಒಂದು ಪ್ರಾಸೆಸ್‌ಗೆ (ನಡೆಯುತ್ತಿರುವ ಒಂದು ತಂತ್ರಾಂಶಕ್ಕೆ) ವಿಂಡೋಸ್ ಇಟ್ಟಿರುವ ಸಹಜ ಮಿತಿ 10,000. ಒಂದೊಂದು ವರದಿ ತೆರೆದು ಮುಚ್ಚಿದಾಗಲೂ ಸಂಖ್ಯೆ ಏರುತ್ತಲೇ ಹೋಗಿ ಇಳಿಯದೆ ಉಳಿದರೆ, ಅದು ತಂತ್ರಾಂಶ ತಯಾರಿಸಿದವರೇ ಸರಿಪಡಿಸಬೇಕಾದ ಸೋರಿಕೆ. ಅಲ್ಲಿಯವರೆಗೆ ಮಧ್ಯಾಹ್ನ ಊಟಕ್ಕೆ ಏಳುವ ಮುನ್ನ ತಂತ್ರಾಂಶವನ್ನು ಮುಚ್ಚಿ ತೆರೆಯುವುದಷ್ಟೇ ನಮ್ಮ ಕೈಯಲ್ಲಿರುವ ಉಪಾಯ, ಮತ್ತು ಅದು ಕೆಲಸ ಮಾಡುತ್ತದೆ.

ನಿರ್ಬಂಧಗಳಿಂದಲೇ ಹುಟ್ಟುವ ತೊಂದರೆಗಳನ್ನಂತೂ ಈ ಉಪಕರಣ ಬಹುಮಟ್ಟಿಗೆ ಗುರುತಿಸುವುದೇ ಇಲ್ಲ. ಯಾವ ತಂತ್ರಾಂಶ ನಡೆಯಬಹುದೆಂದು ನಿಯಂತ್ರಿಸುವ ವಿಂಡೋಸ್‌ನ ಆ್ಯಪ್‌ಲಾಕರ್ ವ್ಯವಸ್ಥೆಯ ನಿಯಮವೊಂದು ತಂತ್ರಾಂಶದ ಸಹಾಯಕ ಕಡತವನ್ನು ತಡೆದಾಗ ತಂತ್ರಾಂಶ ಸದ್ದಿಲ್ಲದೆ ಮುಚ್ಚಿಕೊಳ್ಳಬಹುದು; ತಾನಾಗಿ ಮುಚ್ಚಿಕೊಂಡದ್ದು ಕ್ರ್ಯಾಶ್ ಎಂದು ದಾಖಲಾಗುವುದಿಲ್ಲ. ಇಂಥ ಸಂದೇಹವಿದ್ದರೆ ಆ್ಯಪ್‌ಲಾಕರ್ ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) 8004 ಸಂಖ್ಯೆಯ ಘಟನೆ ಇದೆಯೇ ನೋಡಿ ಎಂದು ನಿಖರವಾದ ಸಮಯದೊಡನೆ ಐಟಿಯವರನ್ನು ಕೇಳಿಕೊಳ್ಳುವುದು ಒಳ್ಳೆಯದು. ತಾತ್ಕಾಲಿಕ ಕಡತಗಳ ಟೆಂಪ್ ಫೋಲ್ಡರ್ ಇನ್ನೊಂದು ಜಾಗ: ಹಳೆಯ ಬಗೆಯಲ್ಲಿ ತಾತ್ಕಾಲಿಕ ಹೆಸರು ಕೇಳುವ ತಂತ್ರಾಂಶಗಳಿಗೆ 65,535 ಕಡತಗಳ ನಂತರ ಹೊಸ ಹೆಸರು ಸಿಗುವುದಿಲ್ಲ. ಅದು ನಮ್ಮದೇ ಖಾತೆಯ ಫೋಲ್ಡರ್ ಆದ್ದರಿಂದ ಖಾಲಿ ಮಾಡಲು ಯಾರ ಅನುಮತಿಯೂ ಬೇಕಾಗಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಒಳಗೊಂಡ ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶಗಳಿಗಾಗಿ ವಿಂಡೋಸ್ ಇಟ್ಟುಕೊಂಡಿರುವ ಕೋಡ್ ಪುಟಗಳಲ್ಲಿ, ಅಂದರೆ ಅಕ್ಷರಗಳ ಪಟ್ಟಿಗಳಲ್ಲಿ, ಕನ್ನಡಕ್ಕೆಂದು ಪುಟವೇ ಇಲ್ಲ. ಹಾಗಾಗಿ ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಅಂಥ ತಂತ್ರಾಂಶದಲ್ಲಿ ತೆರೆಯಹೊರಟರೆ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಕೆಲವು ತಂತ್ರಾಂಶಗಳು ದೋಷದ ಸಂದೇಶ ತೋರಿಸುತ್ತವೆ, ಕೆಲವು ಅಲ್ಲಿಯೇ ಕುಸಿಯುತ್ತವೆ. ಇಡೀ ಕಂಪ್ಯೂಟರನ್ನು ಯೂನಿಕೋಡ್‌ನ ಒಂದು ರೂಪವಾದ ಯುಟಿಎಫ್-8ಕ್ಕೆ ಬದಲಿಸುವ ಆಯ್ಕೆ ಇದೆಯಾದರೂ ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಕಡತದೊಳಗೆ ಕನ್ನಡವಿದ್ದು, ಕಡತದ ಮತ್ತು ಫೋಲ್ಡರ್‌ನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ ಇರುವಂತೆ ನೋಡಿಕೊಳ್ಳುವುದು ನನಗೆ ಸಮ್ಮತವಲ್ಲದಿದ್ದರೂ ಸದ್ಯಕ್ಕೆ ಅನಿವಾರ್ಯ.

ರಿಲಯಬಿಲಿಟಿ ಮಾನಿಟರ್‌ನಲ್ಲಿ ಸಿಗುವ ವಿವರ ಸಾಲದಿದ್ದಾಗ ವಿಂಡೋಸ್‌ನ ಲಾಗ್‌ಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಬೇಕಾಗುತ್ತದೆ. ಅಲ್ಲಿನ ‘ಅಪ್ಲಿಕೇಶನ್’ ಲಾಗ್ ಅನ್ನು ಸಾಮಾನ್ಯ ಬಳಕೆದಾರರೂ ಓದಬಹುದು, ಕಚೇರಿಯ ನೀತಿ ಅದನ್ನು ಬೇರೆಯಾಗಿ ಮುಚ್ಚಿಲ್ಲದಿದ್ದರೆ. ಕ್ರ್ಯಾಶ್‌ಗೆ 1000, ಹ್ಯಾಂಗ್ ಆದದ್ದಕ್ಕೆ 1002, ಡಾಟ್‌ನೆಟ್ ದೋಷಕ್ಕೆ 1026 ಎಂದು ಸಂಖ್ಯೆಗಳಿಂದ ಸೋಸಿದರೆ ಉಳಿದ ಗದ್ದಲ ಮರೆಯಾಗುತ್ತದೆ. ಮೂರನೆಯದು ದೋಷ ಹುಟ್ಟಿದ ಜಾಗದ ಹೆಸರನ್ನೂ ಕೊಡುವುದರಿಂದ ತಂತ್ರಾಂಶ ತಯಾರಕರಿಗೆ ಬಹಳ ಉಪಯುಕ್ತ. ಲಾಗ್‌ನ ಗಾತ್ರಕ್ಕೆ ಮಿತಿಯಿದ್ದು ಹಳೆಯದು ಅಳಿಸಿಹೋಗುವುದರಿಂದ ಬೇಕಾದ ಘಟನೆಯನ್ನು ಆ ದಿನವೇ ನಕಲು ಮಾಡಿಟ್ಟುಕೊಳ್ಳುತ್ತೇನೆ.

ಇದಕ್ಕಿಂತ ಆಳಕ್ಕೆ ಇಳಿಯಲು ಬೇಕಾದ ಪ್ರಾಸೆಸ್ ಮಾನಿಟರ್‌ನಂಥ ಉಪಕರಣಗಳು ಅಡ್ಮಿನ್ ಅಧಿಕಾರವಿಲ್ಲದೆ ನಡೆಯುವುದಿಲ್ಲ, ನಿರ್ಬಂಧವನ್ನು ಸುತ್ತುಬಳಸಿ ದಾಟುವ ಪ್ರಯತ್ನವನ್ನು ನಾನಂತೂ ಯಾರಿಗೂ ಹೇಳಲಾರೆ. ಟಾಸ್ಕ್ ಮ್ಯಾನೇಜರ್‌ನಿಂದ ಡಂಪ್ ಕಡತ ತೆಗೆಯುವುದು ನಮ್ಮಿಂದಲೂ ಸಾಧ್ಯ. ತಂತ್ರಾಂಶ ಹ್ಯಾಂಗ್ ಆಗಿ ನಿಂತಿರುವಾಗ ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ಆಯ್ಕೆ ಸಿಗುತ್ತದೆ. ಆದರೆ ಆ ಕಡತವೆಂದರೆ ಆ ಕ್ಷಣದಲ್ಲಿ ತಂತ್ರಾಂಶದ ಮೆಮೊರಿಯಲ್ಲಿದ್ದ ಎಲ್ಲದರ ಪ್ರತಿ: ತೆರೆದಿದ್ದ ವೋಚರ್, ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಕೆಲವೊಮ್ಮೆ ಪಾಸ್‌ವರ್ಡ್ ಕೂಡ. ತಂತ್ರಾಂಶ ಮಾರಿದವರು ಇಮೇಲ್‌ನಲ್ಲಿ ಕಳುಹಿಸಿ ಎಂದು ಕೇಳಿದರೂ ನೇರವಾಗಿ ಕಳುಹಿಸಬಾರದು; ಐಟಿ ವಿಭಾಗಕ್ಕೆ ತಿಳಿಸಿ, ಅವರ ಮೂಲಕವೇ ಹೋಗುವಂತೆ ನೋಡಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ನಮ್ಮ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನೂ ಅಳಿಸಬೇಕು.